ಚಂದ್ರನ ಲೆಕ್ಕ ಕಲಿಸಿದವನ ಪಜೀತಿ

ಬೆಟಗೇರಿಯ ಮಸೀದಿ ಪಕ್ಕದ ಕೋಣೆಯಲ್ಲಿ ಮೂವತ್ತು ವರ್ಷ ಚಂದ್ರನ ಲೆಕ್ಕ ಕಲಿಸಿದೆ. ಅಮಾವಾಸ್ಯೆ ಕಳೆದು ಯಾವ ಸಂಜೆ ಹೊಸ ಚಂದ್ರ ಕಾಣುತ್ತಾನೆ, ತಿಂಗಳಿಗೆ ಇಪ್ಪತ್ತೊಂಬತ್ತು ದಿನವೋ ಮೂವತ್ತೋ ಎಂಬ ನಮ್ಮ ಹಳೆಯ ವಿದ್ಯೆ. ಮೊದಲು ಹನ್ನೆರಡು ಮಂದಿ ಶಿಷ್ಯರಿದ್ದರು, ಕಡೆಗೆ ಒಬ್ಬ ಉಳಿದ. ನಗೆಪಾಟಲು ಮಾತ್ರ ಕಡಿಮೆಯಾಗಲಿಲ್ಲ. ಅದಕ್ಕೆ ಶಿಷ್ಯರು ಬೇಕಿಲ್ಲ, ನಾನೊಬ್ಬನೇ ಸಾಕು.

೧. ಲಕ್ಷ್ಮೇಶ್ವರದ ದರ್ಜಿ

ರಂಜಾನ್ ಹಬ್ಬದ ಬಟ್ಟೆ ಹೊಲಿಯುತ್ತಿದ್ದ ದರ್ಜಿ ಕೇಳಿದ, "ಉಸ್ತಾದ್ರ, ಹಬ್ಬ ಯಾವತ್ತರೀ?"

ಚಂದ್ರನ ವಯಸ್ಸು, ಎತ್ತರ, ಸೂರ್ಯನಿಂದ ಅವನ ದೂರ, ಎಲ್ಲ ಬಿಡಿಸಿ ಹೇಳಿದೆ. ಕಡೆಗೆ, "ಚಂದ್ರ ಕಂಡ್ರ ಮಂಗಳವಾರ, ಮೋಡ ಮುಚ್ಚಿದ್ರ ಬುಧವಾರ" ಎಂದೆ.

ಅವನು ಕತ್ತರಿ ಕೆಳಗಿಟ್ಟ. "ಹೌದ್ರಿ, ನಮ್ಮವ್ವಗೂ ಅಷ್ಟ ಗೊತ್ತಿತ್ತು. ಆಕಿ ಸಾಲಿ ಕಲತಿರಲಿಲ್ಲ."

೨. ಕೊರ್ಲಹಳ್ಳಿಯ ಶುಕ್ರ

ಉಳಿದಿದ್ದ ಮೂವರು ಶಿಷ್ಯರನ್ನು ಒಂದು ಸಂಜೆ ಕೊರ್ಲಹಳ್ಳಿಯ ಹೊಳೆದಂಡೆಗೆ ಕರೆದೊಯ್ದೆ. ಪಡುವಣ ದಿಬ್ಬದ ಮೇಲೆ ಹೊಳೆಯುತ್ತಿದ್ದುದನ್ನು ತೋರಿಸಿ, "ನೋಡ್ರಿ, ಶುಕ್ರ. ಇವನ ಬಲಕ್ಕ ಚಂದ್ರನ್ನ ಹುಡುಕ್ರಿ" ಎಂದು ಹತ್ತು ನಿಮಿಷ ಪಾಠ ಮಾಡಿದೆ. ಅಷ್ಟರಲ್ಲಿ ಶುಕ್ರ ದಿಬ್ಬ ಇಳಿದು ನಮ್ಮತ್ತಲೇ ಬಂದ. ಒಂದೇ ದೀಪದ ಟ್ರ್ಯಾಕ್ಟರ್.

"ಉಸ್ತಾದ್ರ, ಈ ಕಡೆ ಸರೀರಿ! ನಿಮ್ಮ ಶುಕ್ರ ಹಾರ್ನ್ ಹೊಡಿಯಾಕ ಹತ್ಯಾನ!" ಎಂದು ಶಿಷ್ಯನೊಬ್ಬ ಕೂಗಿದ.

ಇಬ್ಬರು ಮರುದಿನದಿಂದ ಬರಲಿಲ್ಲ. ನನ್ನ ಕಣ್ಣಿಗೆ ಪೊರೆ ಬಂದಿದೆಯೆಂದು ಅಂದೇ ತಿಳಿಯಿತು. ಹೆದರಿ ಯಾರಿಗೂ ಹೇಳಲಿಲ್ಲ.

೩. ಎರಡನೆಯ ಸಾಕ್ಷಿ

ಉಳಿದವನು ಗದಗಿನ ಗಡಿಯಾರ ರಿಪೇರಿಯವನು. ಅವನೊಬ್ಬನಿಗಾಗಿ ಕೋಣೆ ಯಾಕೆ ಎಂಬುದು ಮಸೀದಿಯ ಹಿರಿಯರ ತಕರಾರು. ಅವರಿಗೆ ಜಮಖಾನೆ ಇಡಲು ಜಾಗ ಬೇಕಿತ್ತು. "ಮೊಬೈಲ್‌ನ್ಯಾಗ ತಾರೀಖು ಬರತೈತಿ, ಪಾಠ ಯಾಕರೀ?" ಎಂದರು.

ನನಗೆ ಸಿಟ್ಟು ಬಂತು. "ಇಪ್ಪತ್ತೊಂಬತ್ತನೇ ಉಪವಾಸದ ಸಂಜಿ ಚಂದ್ರ ಕಾಣತಾನ. ಕಾಣಲಿಲ್ಲಂದ್ರ ಕೋಣಿ ನಿಮ್ದು" ಎಂದು ಪಂಥ ಕಟ್ಟಿದೆ.

ಆ ಸಂಜೆ ಮೋಡ. ಎಲ್ಲರೂ ಮಾಳಿಗೆ ಹತ್ತಿ ನಿಂತೆವು. ಒಂದು ಗಳಿಗೆ ಮೋಡ ಸರಿಯಿತು. "ಕಂಡಾ!" ಎಂದು ಶಿಷ್ಯ ಕೂಗುವುದಕ್ಕೂ ಮತ್ತೆ ಮುಚ್ಚಿಕೊಳ್ಳುವುದಕ್ಕೂ ಸರಿಹೋಯಿತು. ಮಸೀದಿಯವರಿಗೆ ಯಾರಿಗೂ ಕಾಣಲಿಲ್ಲ. ಹಬ್ಬ ಸಾರಲು ಇಬ್ಬರ ಸಾಕ್ಷಿ ಬೇಕು.

ಹಿರಿಯರು ನನ್ನತ್ತ ತಿರುಗಿದರು. "ನೀವು ನೋಡಿದ್ರೇನು, ಉಸ್ತಾದ್ರ?"

"ನೋಡಿದೆ."

"ಹೆಂಗಿದ್ದ?"

ಸೊಟ್ಟಗೆ, ತೆಳ್ಳಗೆ ಎಂದಿದ್ದರೆ ಕೋಣೆ ಉಳಿಯುತ್ತಿತ್ತು. ಆದರೆ ಸಾಕ್ಷಿಯ ಮಾತಿನಲ್ಲಿ ಸುಳ್ಳಿಗೆ ನಾಲಿಗೆ ಏಳಲಿಲ್ಲ. ಪೊರೆಯ ಕಣ್ಣಿಗೆ ಕಂಡಂತೆಯೇ, "ಇಬ್ಬರಿದ್ರು" ಎಂದೆ.

ಹಿರಿಯರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಇಬ್ಬರು ಸೇರಿ ಒಂದು ಚಂದ್ರನ್ನ ನೋಡಿದ್ರ ಹಬ್ಬ, ಉಸ್ತಾದ್ರ. ಒಬ್ಬರು ಎರಡು ಚಂದ್ರನ್ನ ನೋಡಿದ್ರ ಕಣ್ಣಿನ ದವಾಖಾನಿ!"

ಮಾಳಿಗೆಯೆಲ್ಲ ನಕ್ಕಿತು, ಮೊದಲು ನಕ್ಕವನು ನಾನೇ. ಮರುದಿನ ಜಮಖಾನೆ ಹೊತ್ತು ತಂದವರಿಗೆ ಬಾಗಿಲು ತೆಗೆದವನೂ ನಾನೇ.