ತಾನಾಗಿಯೇ ಕೆಟ್ಟ ಕ್ಯಾಮೆರಾ

ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಜ ಹೇಳಿದ ಮನುಷ್ಯನನ್ನು ನಾನು ಇನ್ನೂ ನೋಡಿಲ್ಲ. ಅಲ್ಲಿಗೆ ಬರುವ ಫೋನುಗಳೆಲ್ಲ ತಾವಾಗಿಯೇ ಕೆಟ್ಟವು. ಒಂದೂ ಕೈಜಾರಿ ಬಿದ್ದಿಲ್ಲ, ಒಂದೂ ಬಕೆಟ್ಟಿನಲ್ಲಿ ಮುಳುಗಿಲ್ಲ, ಒಂದನ್ನೂ ಎಮ್ಮೆ ತುಳಿದಿಲ್ಲ. ಗಾಜು ಜೇಡರ ಬಲೆಯಂತಾದ ಫೋನನ್ನು ಕೌಂಟರಿನ ಮೇಲಿಟ್ಟು, "ಚಾರ್ಜಿಗೆ ಹಾಕಿದ್ನಿರಿ, ಇದ್ದಕ್ಕಿದ್ದಂಗ ಹಿಂಗಾತು" ಎಂದು ಹೇಳುವವರ ಮುಖದಲ್ಲಿ ಎಂಥ ಶಾಂತಿ ಇರುತ್ತದೆಂದರೆ, ಸ್ವಲ್ಪ ಹೊತ್ತು ನೋಡಿದರೆ ನಮಗೂ ಹಾಗೇ ಆಗಿರಬಹುದು ಅನ್ನಿಸತೊಡಗುತ್ತದೆ. ನಾನೂ ಹೇಳಿದ್ದೇನೆ. ಮೂಡಲಗಿ, ಗೋಕಾಕ, ಹುಕ್ಕೇರಿ, ಹೀಗೆ ಮೂರು ಊರುಗಳಲ್ಲಿ ಹೇಳಲು ಹೊರಟಿದ್ದೆ, ಎರಡರಲ್ಲಿ ಹೇಳಿ ಮುಗಿಸಿದೆ. ಮೂರನೆಯದರಲ್ಲಿ ಯಾಕೆ ಆಗಲಿಲ್ಲ ಎನ್ನುವುದೇ ಈ ತಾಪತ್ರಯದ ಕತೆ.

ನಾನು ಮೂಡಲಗಿಯಲ್ಲಿ ಮನೆ ಮಾಡಿಕೊಂಡು ಮಸಗುಪ್ಪಿಯ ಆಚೆಗಿನ ಒಂದು ಹಳ್ಳಿಯ ಪಂಚಾಯತಿಯಲ್ಲಿ ಕೆಲಸ ಮಾಡುವವನು. ಹಳ್ಳಿಯ ಹೆಸರು ಬೇಡ, ನಾಳೆ ನಾನು ಅಲ್ಲಿಗೇ ಹೋಗಬೇಕು. ಸರಕಾರದ ನೆರವಿನಲ್ಲಿ ಮನೆ ಕಟ್ಟಿಕೊಳ್ಳುವವರ ಮನೆಗಳ ಫೋಟೋ ತೆಗೆಯುವುದು ನನ್ನ ಪಾಲಿನ ಕೆಲಸ. ನಮ್ಮ ಕಚೇರಿಯ ಲೆಕ್ಕದಲ್ಲಿ ಮನೆ ಏಳುವುದೇ ಫೋಟೋಗಳಿಂದ. ಬುನಾದಿ ಮುಗಿದಾಗ ಒಂದು, ಗೋಡೆ ಕಿಟಕಿ ದಾಟಿದಾಗ ಒಂದು, ಛಾವಣಿಯಾದಾಗ ಒಂದು. ಹಿಂದಿನದು ಆ್ಯಪ್‌ಗೆ ಏರದೆ ಮುಂದಿನದು ಏರುವುದಿಲ್ಲ. ಗೋಡೆ ಎದ್ದಮೇಲೆ ಹೋಗಿ "ಕೆಳಗೆ ಬುನಾದಿ ಇದೆ" ಎಂದರೆ ಆ್ಯಪ್ ನಂಬುವುದಿಲ್ಲ. ಬರಿಯ ಬುನಾದಿ ಕಾಣಬೇಕು, ಮನೆಯ ಒಡೆಯರು ಅದರ ಮೇಲೆ ನಿಂತಿರಬೇಕು, ತೆಗೆಯುವ ಫೋನು ನನ್ನ ಹೆಸರಿಗೆ ನೋಂದಣಿಯಾದದ್ದೇ ಆಗಿರಬೇಕು. ಬೇರೆ ಫೋನು ಬೇಕೆಂದರೆ ಅರ್ಜಿ ಮೂರು ಮೇಜು ದಾಟಿ ಬರಬೇಕು, ಅಷ್ಟರಲ್ಲಿ ಎರಡು ಬೆಳೆ ಬಂದು ಹೋಗಿರುತ್ತವೆ.

ಒಂದು ದೌರ್ಬಲ್ಯವನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಈ ಫೋಟೋಗಳನ್ನು ಯಾರೂ ನೋಡುವುದಿಲ್ಲ. ಆ್ಯಪ್ ನುಂಗುತ್ತದೆ, ಹಸಿರು ಗುರುತು ತೋರಿಸುತ್ತದೆ, ಮುಗಿಯಿತು. ಆದರೂ ನಾನು ಅವನ್ನು ಚೆಂದ ತೆಗೆಯುತ್ತೇನೆ. ಕಲ್ಲಿನ ಮೇಲೆ ಬಿಸಿಲು ಓರೆಯಾಗಿ ಬೀಳಬೇಕು, ಮೂಲೆಗಳು ಚೌಕಟ್ಟಿನ ಮೂಲೆಗೆ ಸೇರಬೇಕು, ಹಿಂದೆ ನಿಂತ ಎಮ್ಮೆ ಅರ್ಧ ಕತ್ತರಿಸಿಹೋಗಬಾರದು. ಸರಕಾರಿ ನೆರವಿನ ಶೌಚಾಲಯಗಳ ಫೋಟೋಕ್ಕೂ ಇದೇ ನಿಯಮ. "ಪಾಯಖಾನೆಯ ಫೋಟೋಕ್ಕ ಅರ್ಧಾ ತಾಸು ತಗೋತೀರಲ್ಲ, ನನ್ನ ಫೋಟೋ ಯಾವಾಗರೆ ಹಿಂಗ ತಗದೀರೇನು?" ಎಂದು ಹೆಂಡತಿ ಕೇಳಿದ್ದುಂಟು.

ಶಾಂತವ್ವನ ಮನೆಯ ಬುನಾದಿ, ನಮ್ಮ ಕಡೆಯ ಮಾತಿನಲ್ಲಿ ಪಾಯಾ, ಮುಗಿದದ್ದು ಒಂದು ಸೋಮವಾರ. ಶಾಂತವ್ವ ಹೊಲದ ಕೂಲಿಗೆ ಹೋಗುವಾಕೆ, ಐವತ್ತರ ಹತ್ತಿರದವಳು. ಗಂಡನಿಲ್ಲ. ಮಗಳು ಘಟಪ್ರಭಾದ ಆಸ್ಪತ್ರೆಯೊಂದರಲ್ಲಿ ನರ್ಸು. ತಾಯಿ ಮಗಳು ಇರುವುದು ಶಾಂತವ್ವನ ಅಣ್ಣನ ಅಂಗಳದ ತಗಡಿನ ಶೆಡ್ಡಿನಲ್ಲಿ. ಮಳೆಗಾಲ ಶುರುವಾಗುವ ಮೊದಲು ಗೋಡೆ ಎದ್ದು ತಗಡಾದರೂ ಮೇಲೆ ಬೀಳಬೇಕು. ಕಟ್ಟುವ ಗೌಂಡಿ ಯಲ್ಲಪ್ಪ ಆ ವಾರ ಮಾತ್ರ ಕೈಗೆ ಸಿಕ್ಕಿದ್ದ. ವಾರ ಮುಗಿದರೆ ಗೋಕಾಕದ ದೊಡ್ಡ ಕಟ್ಟಡವೊಂದಕ್ಕೆ ಹೋಗುವವನು, ಮತ್ತೆ ಬರುವುದು ದೀಪಾವಳಿಗೇ. ಅಂದರೆ ಅವಳ ಮನೆ ನನ್ನ ಒಂದು ಕ್ಲಿಕ್ಕಿನ ಮೇಲೆ ನಿಂತಿತ್ತು.

ಆ ದಿನ ಏನಾಯಿತೆಂದು ನನಗೆ ನೆನಪಿರುವಂತೆ ಹೇಳುತ್ತೇನೆ. ಇಡೀ ಪಾಯಾ ಚೌಕಟ್ಟಿಗೆ ಬರಲೆಂದು ಹಿಂದಕ್ಕೆ ಹೆಜ್ಜೆ ಇಟ್ಟೆ, ಇನ್ನೊಂದು ಇಟ್ಟೆ. ಅಲ್ಲಿ ಕಲಸಿಟ್ಟ ಸಿಮೆಂಟಿನ ರಾಶಿ ಇತ್ತು. ಕಾಲು ಜಾರಿತು, ಫೋನು ಅದರಲ್ಲಿ ಬಿತ್ತು. ಯಾರೂ ನೋಡಲಿಲ್ಲ. ಶಾಂತವ್ವ ಚಹಾ ತರಲು ಹೋಗಿದ್ದಳು, ಗೌಂಡಿ ಎಲ್ಲೋ ಇದ್ದ. ನಾನು ಬಗ್ಗಿ, ಫೋನು ಎತ್ತಿ, ಕರವಸ್ತ್ರದಿಂದ ಒರೆಸಿ, ಗಂಭೀರವಾಗಿ ಜೇಬಿಗೆ ಇಳಿಸಿದೆ. ಕ್ಯಾಮೆರಾ ತೆರೆದರೆ ಪರದೆ ಕಪ್ಪು. ಚಹಾ ತಂದ ಶಾಂತವ್ವನಿಗೆ "ಕಂಪನಿದು ಏನೋ ಅಡಚಣಿ ಐತಿ, ನಾಳಿ ಬರ್ತೇನಿ" ಎಂದೆ. ಅವಳು "ಆಗ್ಲಿರಿ ಸರ" ಎಂದಳು, ನೆಲ ನೋಡುತ್ತ. ಈ ನೆನಪನ್ನು ಸದ್ಯಕ್ಕೆ ನೀವೂ ಹೀಗೇ ಇಟ್ಟುಕೊಂಡಿರಿ. ನಾನು ಮೂರು ದಿನ ಇದನ್ನು ಇಸ್ತ್ರಿ ಮಾಡಿದ ಅಂಗಿಯಂತೆ ತೊಟ್ಟು ತಿರುಗಿದ್ದೇನೆ.

ಮಂಗಳವಾರ ಮೂಡಲಗಿಯ ಅಂಗಡಿ. "ಬಿದ್ದಿತ್ತೇನ್ರಿ?" ಎಂದು ಅಂಗಡಿಯಾತ ಕೇಳಿದ. "ಇಲ್ರಿ, ತಾನ ಬಂದ್ ಆತು" ಎಂದೆ. ಆತ ಫೋನಿನ ಮೂಲೆಯಲ್ಲಿ ಒಣಗಿದ ಬೂದು ಬಣ್ಣದ ಕಲೆಯನ್ನು ಉಗುರಿನಿಂದ ಕೆರೆದು, ಮೂಸಿ ನೋಡಿ, "ಸಾಫ್ಟ್‌ವೇರ್ ಇರಬೇಕ್ರಿ" ಎಂದ. ನಾನು ಕೂತುಕೊಳ್ಳಲಾರದ ಮನುಷ್ಯ. ಸ್ಟೂಲು ಕೊಟ್ಟರೆ ನಿಂತೆ, ನಿಂತರೆ ನಡೆದೆ, ಬಸ್ ಸ್ಟ್ಯಾಂಡಿನ ತನಕ ಹೋಗಿ ಯಾವ ಬಸ್ಸೂ ಬೇಡವಾಗಿದ್ದರಿಂದ ತಿರುಗಿ ಬಂದೆ. ಮೂರು ತಾಸಾದ ಮೇಲೆ ಫೋನು ಕೈಗೆ ಬಂತು. ಕ್ಯಾಮೆರಾ ಮೊದಲಿನಂತೆ ಕಪ್ಪಗೇ ಇತ್ತು, ಆದರೆ ಉಳಿದ ಫೋನು ಪೂರ್ತಿ ಮರಾಠಿಗೆ ತಿರುಗಿತ್ತು. "ಅದು ಆಮ್ಯಾಲೆ ಬದಲಿ ಮಾಡಬಹುದ್ರಿ" ಎಂದು ಆತ ಸಮಾಧಾನ ಹೇಳಿದ. ಸಂಜೆ ಶಾಂತವ್ವನ ಫೋನು ಬಂತು: "ಸರ, ಕಣ್ಣು ಬಂತೇನ್ರಿ ಅದಕ್ಕ?" ಇಲ್ಲವೆಂದೆ. ಕರೆ ಮುಗಿಸಲು ಯಾವ ಗುಂಡಿ ಒತ್ತಬೇಕೆಂದು ಮರಾಠಿಯಲ್ಲಿ ಹುಡುಕುವಷ್ಟು ಹೊತ್ತು ಆ ಕಡೆಯಿಂದ ಅವಳ ಉಸಿರು ಕೇಳುತ್ತಿತ್ತು.

ಬುಧವಾರ ಮೊದಲು ನಮ್ಮ ಮೇಲಿನ ಸಾಹೇಬರನ್ನು ಕಂಡೆ. "ತಾಂತ್ರಿಕ ದೋಷದಿಂದ ಕ್ಯಾಮೆರಾ ತಾನಾಗಿಯೇ ಸ್ಥಗಿತಗೊಂಡಿರುತ್ತದೆ" ಎಂದು ಬರೆದುಕೊಟ್ಟೆ. ಬರವಣಿಗೆಯಲ್ಲಿ ಸುಳ್ಳು ಎಷ್ಟು ಗೌರವಸ್ಥವಾಗಿ ಕಾಣುತ್ತದೆ! ಸಾಹೇಬರು ಓದಿ, "ಆ್ಯಪ್ ಆಗದಿದ್ರ ಬ್ಯಾಡ. ಬ್ಯಾರೆ ಫೋನಿಂದು ನಡಿಯೂದಿಲ್ಲ, ಅವತ್ತ ಇದರಾಗ ತಗದ ಯಾವುದರೆ ಫೋಟೋ ಐತೇನು, ಪಾಯಾ ಮತ್ತ ಆಕಿ ಇಬ್ರೂ ಕಾಣೂವಂಥಾದ್ದು? ಅದನ್ನ ಫೈಲಿಗೆ ಹಚ್ಚಿ ನಾ ಮ್ಯಾಲೆ ಬರೀತೇನಿ" ಎಂದರು. ಇಲ್ಲ ಎಂದೆ. ಪೂರ್ತಿ ಪ್ರಾಮಾಣಿಕವಾಗಿ ಇಲ್ಲ ಎಂದೆ.

ಅಲ್ಲಿಂದ ಗೋಕಾಕಕ್ಕೆ. ಆ ಅಂಗಡಿಯಲ್ಲಿ ಸಾಲು. ನನ್ನ ಪಾಳಿ ಬಂದಾಗ ಇಲ್ಲೂ "ತಾನ ಬಂದ್ ಆತು" ಎಂದೆ. ಮಳೆಗಾಲದಲ್ಲಿ ಇನ್ನೂ ಉದ್ದವಿರುತ್ತದಂತೆ, ಫಾಲ್ಸ್ ನೋಡಲು ಹೋದವರ ಫೋನುಗಳೆಲ್ಲ ಒದ್ದೆಯಾಗಿ ಇಲ್ಲಿಗೇ ಬರುತ್ತವೆ. "ಅವ್ರೂ ಬಿದ್ದಿಲ್ಲಂತನ ಹೇಳ್ತಾರ್ರಿ, ಫೋನಿನ ಕಿವ್ಯಾಗಿಂದ ನೀರ ಸೋರತಿರ್ತೈತಿ" ಎಂದು ಅಂಗಡಿಯಾತ ನನ್ನನ್ನು ನೋಡದೆ ಹೇಳಿದ. ಅವನು ಕ್ಯಾಮೆರಾದ ದಿಕ್ಕು ತಿರುಗಿಸುವ ಗುಂಡಿ ಒತ್ತಿದ ಕೂಡಲೆ ಪರದೆಯ ಮೇಲೆ ನನ್ನ ಮುಖ ಬಂದು ನಿಂತಿತು. ಬೆಚ್ಚಿಬಿದ್ದೆ. "ಮುಂದಿಂದು ಛಲೋ ಐತ್ರಿ. ಹಿಂದಿಂದು ಹೋಗೈತಿ." ಅಂದರೆ ನನ್ನ ಫೋನು ಲೋಕದಲ್ಲಿ ನನ್ನೊಬ್ಬನನ್ನು ಮಾತ್ರ ನೋಡಬಲ್ಲದು, ಅದಕ್ಕಾಗಿ ಯಾರೂ ಪಗಾರ ಕೊಡುವುದಿಲ್ಲ. ಆ್ಯಪ್ ಮುಂದಿನ ಕ್ಯಾಮೆರಾವನ್ನು ಒಪ್ಪುವುದೂ ಇಲ್ಲ. "ಈ ಮಾಡೆಲ್ಲಿನ ಸಾಮಾನು ಬರೂದ ಬಂದ್ ಆಗೈತ್ರಿ. ಹುಕ್ಕೇರ್ಯಾಗ ಅಪ್ಪಾಸಾಹೇಬ ಅಂತ ಅದಾರ. ಸತ್ತ ಫೋನ್ ಕೂಡಿಸಿ ಇಟ್ಟಿರ್ತಾರ, ಅವ್ರ ಕಡೆ ಒಂದು ಕಣ್ಣು ಸಿಕ್ಕರ ಸಿಗತೈತಿ."

ಗುರುವಾರ ಬೆಳಿಗ್ಗೆ ಹುಕ್ಕೇರಿಗೆ ಹೋಗುವ ಬಸ್ಸಿನಲ್ಲಿ, ಸೀಟು ಖಾಲಿ ಇದ್ದರೂ, ನಿಂತೇ ಹೋದೆ. ಕೂತರೆ ಬಸ್ಸು ನಿಧಾನವಾಗುತ್ತದೆ ಎಂಬ ಭ್ರಮೆ ನನಗೆ ಮೊದಲಿನಿಂದ ಇದೆ. ಅಪ್ಪಾಸಾಹೇಬರು ಹಿಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಈಗಲೂ ಅವರ ಹುಬ್ಬಿನ ಕೆಳಗೇ ಇದೆ. ಅವರ ಅಂಗಡಿಯ ಗೋಡೆ ತುಂಬ ಸಣ್ಣ ಸಣ್ಣ ಸೆಳೆಖಾನೆಗಳು, ಪ್ರತಿಯೊಂದರಲ್ಲಿ ಒಂದೊಂದು ಮಾಡೆಲ್ಲಿನ ಸತ್ತ ಫೋನುಗಳು. ನಾನು "ತಾನ ಬಂದ್..." ಎಂದು ಶುರು ಮಾಡುವಷ್ಟರಲ್ಲಿ ಅವರು ಕೇಳಿದ್ದು ಬೇರೆಯೇ.

"ಮನಿ ಕಟ್ಟಸಾಕತ್ತೀರೇನ್ರಿ ಸರ?"

"ಇಲ್ರಿ. ಯಾಕ್ರಿ?"

ಅವರು ಸೂಜಿಯ ತುದಿಯನ್ನು ನನ್ನ ಮುಂದೆ ಹಿಡಿದರು. ಅದರ ಮೇಲೆ ಸಾಸಿವೆಗಿಂತ ಚಿಕ್ಕದಾದ ಬೂದು ಹರಳು. ಉಸುಕು, ಸಿಮೆಂಟು ಸಮೇತ. ನನ್ನ ಮಾತು ಅರ್ಧಕ್ಕೇ ನಿಂತಿತು. ಅವರು ನಾಲ್ಕನೆಯ ಸೆಳೆಖಾನೆ ಎಳೆದು ಅದೇ ಮಾಡೆಲ್ಲಿನ ಹೆಣವೊಂದನ್ನು ಹೊರಗೆ ತೆಗೆದು, "ಕಣ್ಣು ಸಿಗತೈತಿ. ಆದ್ರ ಸ್ವಚ್ಛ ಮಾಡಿ ಕೂಡಸೂದು ನಾಳಿ ಮಧ್ಯಾಹ್ನ ಆಗತೈತಿ" ಎಂದರು. ಆಮೇಲೆ ಬಿಚ್ಚುವ ಮುನ್ನ ಉಳಿದದ್ದು ಸರಿಯಿದೆಯೇ ಎಂದು ನೋಡಲು ಗ್ಯಾಲರಿ ತೆರೆದರು. ಭೂತಗನ್ನಡಿಯನ್ನು ಹಣೆಗೇರಿಸಿದರು. "ಇದು ಯಾರ್ರಿ?"

ಅದು ನಾನು. ಚೌಕಟ್ಟಿನ ಎಡಭಾಗದ ತುಂಬ ನನ್ನ ಮುಖ. ಬಾಯಿ ತೆರೆದಿದೆ, ಕೆನ್ನೆಗೆ ಸಿಮೆಂಟು ಮೆತ್ತಿದೆ, ಕಣ್ಣುಗಳು ಕಳೆದುಹೋದ ಕುರಿಮರಿಯನ್ನು ಹುಡುಕುತ್ತಿರುವಂತಿವೆ. ಕೆಟ್ಟಿತೋ ಏನೋ ಎಂಬ ಗಾಬರಿಯಲ್ಲಿ ಸಿಕ್ಕ ಗುಂಡಿಗಳನ್ನೆಲ್ಲ ಒತ್ತುವಾಗ ಮುಂದಿನ ಕ್ಯಾಮೆರಾ ನನ್ನನ್ನು ಹಿಡಿದುಬಿಟ್ಟಿತ್ತು. ನಾನು ಬಗ್ಗಿ ಎತ್ತಿರಲಿಲ್ಲ, ಮೊಣಕಾಲೂರಿ ಸಿಮೆಂಟಿನಲ್ಲೇ ಕೂತಿದ್ದೆ. ಕರವಸ್ತ್ರ ಎಲ್ಲೂ ಕಾಣುತ್ತಿರಲಿಲ್ಲ. ಬಲಗಡೆ, ನನ್ನ ಹೆಗಲ ಹಿಂದೆ, ಮೂಲೆಯಿಂದ ಮೂಲೆಗೆ ಕರಿಕಲ್ಲಿನ ಪಾಯಾ, ಓರೆ ಬಿಸಿಲಿನಲ್ಲಿ. ಅಂಥ ಚೌಕಟ್ಟಿಗಾಗಿಯೇ ನಾನು ಹಿಂದಕ್ಕೆ ಹೆಜ್ಜೆ ಇಟ್ಟಿದ್ದು. ಆ ಪಾಯಾದ ನಟ್ಟನಡುವೆ, ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು, ಹೊಟ್ಟೆ ಹಿಡಿದು ನಗುತ್ತ ನಿಂತವಳು ಶಾಂತವ್ವ. ಅವಳ ಹಿಂದೆ ಗೌಂಡಿ ಯಲ್ಲಪ್ಪ ನಗುವ ಭರದಲ್ಲಿ ಅರ್ಧ ಬಾಗಿದ್ದ. ಮೂರು ದಿನ ನಾನು ಯಾರೂ ಇಲ್ಲದ ಬಯಲಿನಲ್ಲಿ ಒಬ್ಬನೇ ಬಿದ್ದಿದ್ದೆ. ಆ ಬಯಲಿನಿಂದ ಇವರಿಬ್ಬರನ್ನು ಹೊರಗೆ ಕಳಿಸಿದವರು ಯಾರು?

ಅದೇ ಹೊತ್ತಿಗೆ ಫೋನು ರಿಂಗಾಯಿತು. ಶಾಂತವ್ವ.

"ಸರ, ಕಣ್ಣು ಬಂತೇನ್ರಿ?"

"ಇಲ್ಲ ಶಾಂತವ್ವ. ನಾಳಿ ಮಧ್ಯಾಹ್ನ ಆಗ್ತೈತಂತ."

"ನಾಳಿ ತನಕಾ ಯಲ್ಲಪ್ಪ ನಿಲ್ಲೂದಿಲ್ರಿ. ಸಿಮೆಂಟ ಬಳಿಯೂ ಥಾಪಿ ತೊಳದ ಚೀಲದಾಗ ಇಟ್ಕೊಂಡಾನ. ಇವತ್ತ ಗ್ವಾಡಿ ಹಿಡದ್ರ ಉಳದದ್ದು ಮುಗಿಸೇ ಹೊಕ್ಕೇನಿ ಅಂತಾನ, ಇಲ್ಲಂದ್ರ ಈಗ ಹೊಂಟ್ನಿ ಅಂತಾನ. ಒಂದ ಮಾತ ಹೇಳ್ರಿ, ಹಿಡೀಲೇನು ಬ್ಯಾಡೇನು?"

ಹಿಂದಿನಿಂದ ಯಲ್ಲಪ್ಪನ ದನಿ ಕೇಳಿತು: "ಪಾಯಾ ಎಲ್ಲೂ ಓಡಿ ಹೋಗೂದಿಲ್ಲಂತ ಹೇಳ ಅವರಿಗೆ! ಗ್ವಾಡಿ ಬುಡಕ ಬಿದ್ದಿರತೈತಿ!"

"ಶಾಂತವ್ವ," ಎಂದೆ, "ಅವತ್ತ ಫೋನು ಬಿದ್ದಾಗ ನೀವು ಎಲ್ಲಿದ್ರಿ?"

"ಚಾ ತರಾಕ ಹೋಗಿದ್ನಿರಿ."

"ಖರೆ ಹೇಳ್ರಿ."

"ಖರೆ ಅಂದ್ರ... ಪಾಯಾದ ಮ್ಯಾಲೇ ನಿಂತಿದ್ನಿರಿ. ನಗು ತಡಕೊಳಾಕ ಆಗ್ಲಿಲ್ಲ. ಸಾಹೇಬ್ರ ಮುಂದ ನಗಬಾರದಂತ ಆಮ್ಯಾಲೆ ಚಾ ತರಾಕ ಓಡಿ ಹೋದ್ನಿ. ಸಿಟ್ಟ ಆಗಬ್ಯಾಡ್ರಿ ಸರ."

ಅಪ್ಪಾಸಾಹೇಬರ ಅಂಗಡಿಯಲ್ಲಿ ನಾಲ್ಕು ಹೆಜ್ಜೆಗೆ ಮಾತ್ರ ಜಾಗ. ನಾನು ಆ ನಾಲ್ಕು ಹೆಜ್ಜೆಯನ್ನು ಹತ್ತು ಸಲ ನಡೆದೆ. ಸಾಹೇಬರು ಕೇಳಿದ ಫೋಟೋ ನನ್ನ ಕೈಯಲ್ಲಿತ್ತು: ಬರಿಯ ಪಾಯಾ, ಅದರ ಮೇಲೆ ಶಾಂತವ್ವ, ಸೋಮವಾರದ ತಾರೀಖು. ಇದನ್ನು ಕಳಿಸಿದರೆ ಅವಳ ಮನೆ ಉಳಿಯುತ್ತದೆ. ಕಳಿಸಿದರೆ ನಿನ್ನೆ ಬರೆದುಕೊಟ್ಟ "ತಾನಾಗಿಯೇ" ಎಂಬ ಪದ ನನ್ನ ಕೆನ್ನೆಯ ಸಿಮೆಂಟಿನ ಜೊತೆ ಒಂದೇ ಫೈಲಿನಲ್ಲಿ ಎದುರುಬದುರು ಕೂರುತ್ತದೆ. ನನ್ನ ಮುಖವನ್ನು ಕತ್ತರಿಸಲು ಬರುತ್ತದೆಯೇ ಎಂದು ಅಪ್ಪಾಸಾಹೇಬರನ್ನು ಕೇಳಿಯೂ ಕೇಳಿದೆ, ಮುಚ್ಚಿಡುವುದಿಲ್ಲ. ಅವರು ನೋಡಿ, "ಬರತೈತ್ರಿ. ಆದ್ರ ಪಾಯಾದ ಒಂದು ಮೂಲಿನೂ ನಿಮ್ಮ ಕಿವಿ ಜೋಡಿ ಹೊಕ್ಕೈತಿ" ಎಂದರು. ಒಂದು ಮೂಲೆ ಇಲ್ಲದ ಪಾಯಾವನ್ನು ಯಾವ ಕಚೇರಿ ಒಪ್ಪೀತು?

"ಹಿಡೀರಿ ಶಾಂತವ್ವ," ಎಂದೆ, "ಗ್ವಾಡಿ ಹಿಡೀರಿ."

ಫೋಟೋವನ್ನು ಸಾಹೇಬರಿಗೆ ಕಳಿಸಿ, ಅದು ಹೋಯಿತೆಂದು ಎರಡು ಗುರುತು ಬೀಳುವುದನ್ನು ನೋಡಿ, ಹಿಂದಕ್ಕೆ ಕರೆಸಿಕೊಳ್ಳುವ ಬುದ್ಧಿ ಬರುವ ಮೊದಲೇ ಫೋನು ಆಫ್ ಮಾಡಿ ಅಪ್ಪಾಸಾಹೇಬರ ಕೈಗೆ ಕೊಟ್ಟು ಹೊರಬಿದ್ದೆ. ಫೋನಿಲ್ಲದ ಆ ಒಂದು ದಿನ ಖಾಲಿ ಜೇಬನ್ನು ಎಷ್ಟು ಸಲ ಮುಟ್ಟಿಕೊಂಡೆನೋ. ಮರುದಿನ ಹುಕ್ಕೇರಿಗೆ ಹೋಗಿ ಫೋನು ತೆರೆದಾಗ ಫೋನಿನ ಮರಾಠಿ ಅಕ್ಷರಗಳ ಕೆಳಗೆ ಸಾಹೇಬರ ಕನ್ನಡದ ಸಂದೇಶ ಕಾದಿತ್ತು. "ಫೋಟೋ ನಡೀತೈತಿ. ಮ್ಯಾಲೆ ಬರದೇನಿ. ಆದ್ರ ಇದರಾಗ ಫಲಾನುಭವಿ ಯಾರು? ನಗಾಕತ್ತಾಕಿನೋ, ಅಳಾಕತ್ತಾಂವನೋ?" ಆಮೇಲೆ ಕಚೇರಿಗೆ ಹೋದಾಗ ಫೈಲು ನೋಡಿದೆ. ಗೊಂದಲ ಬೇಡವೆಂದು ಯಾರೋ ಶಾಂತವ್ವನ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ "ಇವರು" ಎಂದು ಬರೆದಿದ್ದರು. ನನ್ನ ಮುಖದ ಮೇಲೆ ಏನೂ ಬರೆದಿರಲಿಲ್ಲ. ಬರೆಯುವ ಅಗತ್ಯ ಬಿದ್ದಿಲ್ಲ.

ಮಳೆಗೆ ಮೊದಲು ಗೋಡೆಗಳು ಎದ್ದವು, ತಗಡು ಬಿತ್ತು. ಸತ್ತ ಫೋನಿನ ಕಣ್ಣು ಲೋಕವನ್ನು ಕೊಂಚ ಹಸಿರಾಗಿ ನೋಡುತ್ತದೆ, ಅಷ್ಟು ಬಿಟ್ಟರೆ ಮುಂದಿನ ಎರಡು ಫೋಟೋಗಳು ಚೆಂದವೇ ಬಂದವು. ಅವನ್ನೂ ಯಾರೂ ನೋಡಿಲ್ಲ. ಶಾಂತವ್ವನ ಮಗಳು ಮಾತ್ರ ಬುನಾದಿಯ ಫೋಟೋ ಕಳಿಸಿ ಎಂದು ಬೆನ್ನು ಬಿದ್ದಳು: "ನಮ್ಮ ಮನಿ ಪಾಯಾದ ಫೋಟೋ ಅದೊಂದ ಐತ್ರಿ ಸರ. ಅವ್ವ ಅಷ್ಟು ನಕ್ಕದ್ದೂ ಅದರಾಗ ಒಂದ." ಕಳಿಸಿದೆ. ಹೊಸ ಮನೆಗೆ ಊಟಕ್ಕೆ ಕರೆದಿದ್ದರು, ಹೋದೆ. ಎದುರು ಗೋಡೆಯ ಮೇಲೆ ಬುದ್ಧನ ಫೋಟೋ, ಕಣ್ಣು ಅರೆಮುಚ್ಚಿ, ತುಟಿ ಕೂಡಿಸಿ, ಪರಮ ನೆಮ್ಮದಿಯಲ್ಲಿ. ಅದರ ಕೆಳಗೆ, ಅದೇ ಅಳತೆಯ ಚೌಕಟ್ಟಿನಲ್ಲಿ, ಬಾಯಿ ತೆರೆದುಕೊಂಡು ನಾನು. ಊಟಕ್ಕೆ ಬಂದಿದ್ದ ನೆಂಟರೊಬ್ಬರು ಅದರ ಮುಂದೆ ನಿಂತು ತಿರುತಿರುಗಿ ನೋಡಿ, "ಇವರು ಯಾರ ಪೈಕಿರಿ ಅಕ್ಕಾರ?" ಎಂದು ಕೇಳಿದರು. ಶಾಂತವ್ವ ರೊಟ್ಟಿ ಬಡಿಸುತ್ತಲೇ ಹೇಳಿದಳು:

"ಪಂಚಾಯ್ತಿ ಸಾಹೇಬ್ರು. ಪಾಯಾ ಗಟ್ಟಿ ಐತೋ ಇಲ್ಲೋ ಅಂತ ನೋಡಾಕ ಬಂದಿದ್ರು. ಉಳದವ್ರು ನಿಂತ ನೋಡಿ ಹೊಕ್ಕಾರ. ಇವ್ರು ಬಿದ್ದ ನೋಡ್ಯಾರ."