ನಮ್ಮ ಮಾವನ ಬೋಣಿ

ನಮ್ಮ ಸೋದರಮಾವನ ಕೈಗುಣದ ಬಗ್ಗೆ ಹಿಂದೂಪುರದಲ್ಲಿ ಎರಡು ಅಭಿಪ್ರಾಯಗಳಿದ್ದವು. ಒಂದು ಮಾವನದು, ಇನ್ನೊಂದು ಊರಿನದು! ತಮ್ಮ ಬಲಗೈಯಲ್ಲಿ ಲಕ್ಷ್ಮಿ ಕೂತಿದ್ದಾಳೆ ಎಂದು ಮಾವ ನಂಬಿದ್ದರು. ಕೂತಿರುವುದು ಅವಳಲ್ಲ, ಅವಳ ಅಕ್ಕ ಎಂದು ಊರು ನಂಬಿತ್ತು.

ಊರನ್ನು ಬೈಯುವುದಾದರೂ ಹೇಗೆ? ಮಾವ ಹುಣಸೆಹಣ್ಣು ಕೂಡಿಟ್ಟ ವರ್ಷ ಸುತ್ತಲಿನ ಮರಗಳೆಲ್ಲ ಹಟಕ್ಕೆ ಬಿದ್ದಂತೆ ಕಾಯಿ ಬಿಟ್ಟು ಬೆಲೆ ನೆಲ ಕಚ್ಚಿತು. ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟರು. ಇದ್ದುದರಲ್ಲಿ ಒಳ್ಳೆಯ ಸೈಕಲ್ಲು ಮೊದಲ ವಾರವೇ ಬೆಂಗಳೂರು ರೈಲು ಹತ್ತಿತು. ಎಮ್ಮೆ ತಂದು ಕಟ್ಟಿದರು. ಅದು ಹಾಲೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಧಾರಾಳವಾಗಿ ಕೊಟ್ಟಿತು.

“ಟೈಮು ಸರಿ ಇಲ್ಲ ಕಣಮ್ಮ, ಕೈ ಸರಿಯಾಗೇ ಅದೆ,” ಎನ್ನುತ್ತಿದ್ದರು ಮಾವ.

ಈ ನಂಬಿಕೆಗೆ ನೀರೆರೆದವನು ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಉಗ್ಗಾನಿ ಬಜ್ಜಿಯ ಗಾಡಿ ಇಟ್ಟವನು. ನೆನೆಸಿ ಹಿಂಡಿದ ಪುರಿಗೆ ಹುಣಸೆಹುಳಿ, ಈರುಳ್ಳಿ ಹಾಕಿ ಒಗ್ಗರಣೆ ಕೊಟ್ಟು, ಮೇಲೆ ಹುರಿಗಡಲೆ ಪುಡಿ ಉದುರಿಸಿ, ಪಕ್ಕದಲ್ಲೊಂದು ಮೆಣಸಿನಕಾಯಿ ಬಜ್ಜಿ. ಆಹಾ! ಗಾಡಿ ಇಟ್ಟ ದಿನ ಮಾವನೇ ಬೋಣಿ ಮಾಡಿದರು, ಅಂದರೆ ಮೊದಲ ಗಿರಾಕಿಯಾಗಿ ಮೊದಲ ಕಾಸು ಕೊಟ್ಟರು. ಮಧ್ಯಾಹ್ನದೊಳಗೆ ಬಾಣಲೆ ಖಾಲಿ! ಅಂದು ಸಂತೆಯಿತ್ತೆಂಬ ಸಣ್ಣ ವಿಷಯವನ್ನು ಮಾವ ಗಮನಕ್ಕೆ ತಂದುಕೊಳ್ಳಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಮಳೆಯಿರಲಿ, ಜ್ವರವಿರಲಿ, ಬೆಳಗ್ಗೆ ಮಾವನ ಸವಾರಿ ಗಾಡಿಯ ಮುಂದೆ. ಅವರು ಬರುವುದು ತಡವಾದರೆ ಬೇರೆಯವರು ಕಾಯಬೇಕು. “ತಡಿಯಪ್ಪ, ನಾನಿನ್ನ ಬೋಣಿ ಮಾಡಿಲ್ಲ!” ಎಂದು ರಸ್ತೆಯ ಆಚೆಯಿಂದಲೇ ಕೂಗುತ್ತಿದ್ದರು. ಹಸಿದವರು ಕಾಯುತ್ತಾರೆಯೇ? ಪಕ್ಕದ ಇಡ್ಲಿ ಅಂಗಡಿಗೆ ಹೋಗುತ್ತಿದ್ದರು. ನಮ್ಮ ಮಾವನ ಕೈಯಿಂದ ನಿಜವಾಗಿ ಉದ್ಧಾರವಾದವನಿದ್ದರೆ ಆ ಇಡ್ಲಿಯವನೊಬ್ಬನೇ!

“ಮನೆಗೂ ಒಂದಿನ ಬೋಣಿ ಮಾಡ್ರಿ, ಅಕ್ಕಿ ಮುಗುದದೆ,” ಎಂದು ಅತ್ತೆ ಚುಚ್ಚುತ್ತಿದ್ದರು.

ರೊದ್ದಂನಲ್ಲಿ ನನ್ನ ಮದುವೆ. ಹೆಣ್ಣನ್ನು ಹಸೆಗೆ ಕರೆತರಬೇಕಾದವನು ಸೋದರಮಾವ. ಪುರೋಹಿತರು ಕೂಗಿದ್ದೇ ಕೂಗಿದ್ದು, ಮಾವ ಎಲ್ಲಿ? ಕೊನೆಗೆ ದೂರದ ನೆಂಟರೊಬ್ಬರು ನನ್ನ ಕೈ ಹಿಡಿದು ನಡೆಸಿದರು. ಅಕ್ಷತೆ ಬಿದ್ದ ಮೇಲೆ ಮಾವ ಬಂದರು, ಮೈಯೆಲ್ಲ ಒಗ್ಗರಣೆಯ ವಾಸನೆ.

“ಅವ ಇವತ್ತು ಒಲೆ ಹಚ್ಚಿದ್ದೇ ಲೇಟು ಕಣಮ್ಮ. ಬೋಣಿ ಬಿಟ್ಟು ಹೆಂಗ್ ಬರಾದು? ಪಾಪ, ಹೆಂಡ್ರು ಮಕ್ಕಳೋನು!”

ನಾನು ಯಾರ ಮಗಳಾಗಿದ್ದೆನೋ! ಆ ಸಿಟ್ಟು ನನ್ನಲ್ಲಿ ಬಹಳ ಕಾಲ ಹುಳಿಯುತ್ತಲೇ ಇತ್ತು.

ತೊಂಬತ್ತನೇ ಇಸವಿಯ ಸುಮಾರಿಗೆ ಒಂದು ಬೆಳಗ್ಗೆ ಗಾಡಿಯೇ ಇಲ್ಲ. ಗೋಡೆಯ ಮೇಲೆ ಹೊಗೆಯ ಮಸಿ ಮಾತ್ರ. “ಕಲ್ಯಾಣದುರ್ಗಕ್ಕೆ ಹೋಗ್ಬುಟ್ಟ. ನಿಮ್ಗೇ ಹೇಳ್ಲಿಲ್ವ?” ಎಂದನಂತೆ ಇಡ್ಲಿಯವನು. ಮಾವ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದರು. ಕೆಲವು ದಿನ ಕಳೆದ ಮೇಲೆ ಎದ್ದು, “ಅಲ್ಲಿ ಬೋಣಿಗೆ ಏನ್ ಮಾಡ್ತಾನೋ ಏನೋ, ಒಂದ್ಸಲ ನೋಡ್ಕಂಡು ಬತ್ತೀನಿ,” ಎಂದರು. ತವರಿಗೆ ಬಂದಿದ್ದ ನನ್ನನ್ನು ಅತ್ತೆ ಮಾವನ ಜೊತೆಗೆ ಅಟ್ಟಿದರು.

ಕಲ್ಯಾಣದುರ್ಗದಲ್ಲಿ ಇಳಿದಾಗ ಬಿಸಿಲೇರಿತ್ತು. ಮಾವ ನಲ್ಲಿಯಲ್ಲಿ ಮುಖ ತೊಳೆಯಲು ನಿಂತರು, ನಾನು ಮುಂದೆ ಹೋದೆ. ಗಾಡಿಯಲ್ಲ, ತಗಡಿನ ಅಂಗಡಿ! ಬೆಂಚು ತುಂಬ ಜನ. ನನ್ನನ್ನು ಕಂಡು ಅವನ ಜಾಲರಿ ಎಣ್ಣೆಯಲ್ಲೇ ನಿಂತಿತು.

“ಅಣ್ಣನೂ ಬಂದವ್ರಾ? ಅಯ್ಯೋ ದೇವುಡಾ! ಅಣ್ಣನ ಬೋಣಿ ತಪ್ಪಿಸ್ಕಳಾಕೇ ಊರು ಬಿಟ್ಟೆ ಕಣಕ್ಕ. ಬ್ಯಾಡ ಅನ್ನಾಕೆ ಬಾಯಿ ಬರ್ಲಿಲ್ಲ.”

ಅಷ್ಟರಲ್ಲಿ ಮಾವ ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದರು. ಅವನು ಕಾಸಿನ ಡಬ್ಬಿಯನ್ನು ಪುರಿ ಚೀಲದೊಳಗೆ ತಳ್ಳಿ, “ರಾ ಅನ್ನಾ, ರಾ! ಬೋಣಿ ಇಂಕಾ ಕಾಲೇದು, ಇನ್ನೂ ಆಗಿಲ್ಲ! ನಿಮ್ ಕೈಗೇ ಕಾಯ್ತಿದ್ದೆ,” ಎಂದ. ಬೆಂಚಿನ ಮೇಲಿನವರು ತುತ್ತು ಬಾಯಲ್ಲಿಟ್ಟುಕೊಂಡೇ ಕಣ್ಣು ಕಣ್ಣು ಬಿಟ್ಟರು. ಅವರ ಕಾಲ ಬಳಿ ಎಂಜಲೆಲೆಗಳ ಬುಟ್ಟಿ ತುಂಬಿ ಚೆಲ್ಲಿತ್ತು.

ಮಾವ ಬುಟ್ಟಿಯ ಮೇಲೆ ಒಂದು ಗಳಿಗೆ ಕಣ್ಣಿಟ್ಟರು. ಆಮೇಲೆ ಕಾಸು ಕೊಟ್ಟರು. ಅವನು ಅದನ್ನು ಕಣ್ಣಿಗೊತ್ತಿಕೊಂಡ. ಉಗ್ಗಾನಿ ಹಿಂದೂಪುರದ್ದಕ್ಕಿಂತ ರುಚಿಯಾಗಿತ್ತು. ಅದಕ್ಕೇ ನನಗೆ ಮೈ ಉರಿಯಿತು. ದಿನವೂ ಉಪ್ಪು ಹೆಚ್ಚು, ಖಾರ ಕಡಿಮೆ ಎಂದು ಜಗಳ ತೆಗೆಯುತ್ತಿದ್ದ ಮಾವ ಮಾತಿಲ್ಲದೆ ತಿಂದು, ಎಲೆಯನ್ನು ತಾವೇ ಆ ಬುಟ್ಟಿಯ ಮೇಲೆ ಇಟ್ಟು ಬಂದರು.

“ಮತ್ತೆ ಬರ್ರಣ್ಣ,” ಎಂದ ಅವನು.

“ಚೆನ್ನಾಗಿರಪ್ಪ,” ಎಂದರು ಮಾವ. ಬತ್ತೀನಿ ಎನ್ನಲಿಲ್ಲ.

ವಾಪಸಿನ ಬಸ್ಸು ಖಾಲಿಯಿತ್ತು. ಕಂಡಕ್ಟರು ಹತ್ತಿದವನೇ ನೇರ ನಮ್ಮ ಸೀಟಿಗೆ ಬಂದ. ಮಾವನ ಕೈ ಜೇಬಿಗೆ ಹೋದದ್ದು ಅಲ್ಲೇ ಉಳಿಯಿತು.

“ನೀನೇ ಕೊಡು ಕಣಮ್ಮ,” ಎಂದರು ಮೆಲ್ಲಗೆ, ಕಿಟಕಿಯ ಕಡೆ ತಿರುಗಿ. “ಮೊದಲ್ನೇ ಟಿಕೀಟು. ಪಾಪ, ಅವ್ನೂ ಹೆಂಡ್ರು ಮಕ್ಕಳೋನು.”

ನಾನು ಜೇಬಿನಲ್ಲಿದ್ದ ಆ ಕೈಯನ್ನು ಎಳೆದು ಹೊರಗೆ ತೆಗೆದೆ. ನನ್ನ ದುಡ್ಡನ್ನು ಅದರೊಳಗಿಟ್ಟು, ಬೆರಳು ಮಡಚಿ, ಕಂಡಕ್ಟರನ ಮುಂದೆ ಹಿಡಿದೆ.