ಕೂಸಿನ ಹೆಸರು ಒಪ್ಪದ ಡಬ್ಬಿಯವರಿಗೆ

ಮಾನ್ಯ ಮಾತಾಡುವ ಡಬ್ಬಿಯವರ ಸನ್ನಿಧಾನಕ್ಕೆ ಯಲಿಯೂರಿನ ಹೊನ್ನಯ್ಯ ಮಾಡುವ ನಮಸ್ಕಾರಗಳು.

ಮಳವಳ್ಳಿಯ ಮನೆಯಲ್ಲಿ ನನ್ನ ತಂಗಿ ಮಾಯಮ್ಮನ ಮಂಡಿನೋವು ಹೇಗಿದೆ? ಅವಳ ಮಗ ರಘುನಂದನನ ಕೆಮ್ಮು ಇಳಿಯಿತೇ? ಸೊಸೆ ವನಜಾ, ಹೊಸ ಕೂಸು ಕ್ಷೇಮವೇ? ಷೋಕೇಸಿನ ಮೇಲೆ ಕುಳಿತು ಹಗಲಿರುಳು ಎಲ್ಲರ ಮಾತಿಗೂ ಕಿವಿಗೊಟ್ಟು, ಕೇಳಿದ್ದಕ್ಕೆಲ್ಲ ಉತ್ತರಿಸುವವರು ತಾವಾದ್ದರಿಂದ ತಮ್ಮನ್ನೇ ವಿಚಾರಿಸುತ್ತಿದ್ದೇನೆ.

ಮಾನ್ಯರೇ, ತಮ್ಮದು ಇಂಗ್ಲಿಷಿನವರ ನಾಲಿಗೆ. ಬಲು ಸಭ್ಯ ನಾಲಿಗೆ; ಹಿಂದಕ್ಕೆ ಮಡಿಚಿ ಅಂಗುಳ ಮುಟ್ಟುವಂಥ ಮೈಮುರಿಯುವ ಕೆಲಸವನ್ನು ಅದು ಎಂದೂ ಮಾಡಿದ್ದಲ್ಲ. ಹಾಗಾಗಿ ತಾವು ವಾಸವಿರುವ ಊರೇ ತಮ್ಮ ಬಾಯಲ್ಲಿ ‘ಮಾಲವಾಲಿ’. ಅದಕ್ಕೆ ನನ್ನ ತಕರಾರಿಲ್ಲ. ಹಲಗೂರನ್ನು ಅಲಗೂರು, ಸ್ಟೇಷನ್ನನ್ನು ಟೇಸನ್ನು ಮಾಡಿದ ಬಾಯಿ ನಮ್ಮದು. ಆದರೆ ನಾವು ಟೇಸನ್ನು ಅಂದೆವೆಂದು ಇಂಗ್ಲಿಷಿನವರು ಬೋರ್ಡು ತಿದ್ದಿಸಲಿಲ್ಲ ನೋಡಿ, ಅಷ್ಟು ಬುದ್ಧಿ ಅವರಿಗಿತ್ತು.

ನಮ್ಮ ರಘುನಂದನನಿಗೆ ಆ ಬುದ್ಧಿ ಸಾಲದು. ಬರುವ ಭಾನುವಾರ ಕೂಸಿಗೆ ನಾಮಕರಣ. ಕೂಸಿನ ಸೋದರತ್ತೆ, ಅಂದರೆ ಅವನ ಅಕ್ಕ ಮೋಹಿನಿ, ‘ಇಳಾ’ ಎಂಬ ಹೆಸರನ್ನು ಆಸೆಪಟ್ಟು ಆರಿಸಿದ್ದಳು. ಅವನು ಅದನ್ನು ಮೊಬೈಲಿನಲ್ಲಿ ಬರೆದು ತಮ್ಮಿಂದ ಓದಿಸಿದನಂತೆ. ಎಷ್ಟು ಸಲ ಓದಿಸಿದರೂ ತಾವು ‘ಈಲಾ’ ಎಂದಿರಂತೆ. ನಾಳೆ ಲೋಕವೆಲ್ಲ ಹೀಗೇ ಕರೆದೀತೆಂದು ಹೆದರಿದ ಅವನು ಈಗ ತಮ್ಮ ಬಾಯಿಗೆ ಒಗ್ಗುವ ಬೇರೆ ಹೆಸರು ಹುಡುಕುತ್ತಿದ್ದಾನೆ. ಮೋಹಿನಿ ಫೋನಿನಲ್ಲಿ ಅತ್ತಳು. ಮಾಯಮ್ಮ ಮಾತ್ರ, “ಮಗೀನ ಎಸ್ರ ಆ ಡಬ್ಬಿ ಒಪ್ಬೇಕೇನ್ಲಾ? ಅದೇನು ಸೋದ್ರತ್ತೆನಾ?” ಎಂದು ಮಗನನ್ನು ಕೇಳಿದಳಂತೆ.

ಕೇಳಿದ್ದರಲ್ಲಿ ನ್ಯಾಯವಿದೆ. ಆದ್ದರಿಂದ ತಾವು ಸೋದರತ್ತೆಯ ಪದವಿಯನ್ನು ಪೂರ್ತಿಯಾಗಿಯೇ ವಹಿಸಿಕೊಳ್ಳಬೇಕೆಂದು ವಿನಂತಿ. ಭಾನುವಾರ ಬೆಳಿಗ್ಗೆ ತಲೆಗೆ ನೀರೆರೆದುಕೊಂಡು, ಬೆಳ್ಳಿ ಉಡಿದಾರ ತಂದು, ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು, ಅದು ತಮ್ಮ ಹೊಸ ಸೀರೆಯನ್ನು ನೆನೆಸಿದರೂ ಮುಖ ಸಿಂಡರಿಸದೆ, ಕಿವಿಯಲ್ಲಿ ಮೆಲ್ಲಗೆ ಹೆಸರು ಉಸುರಬೇಕು. ತಮಗೆ ಮಡಿಲಿಲ್ಲವೆಂದಾದರೆ, ಆ ಜಾಗವನ್ನು ಮೋಹಿನಿಗೆ ಬಿಟ್ಟುಕೊಟ್ಟಿದ್ದೇನೆಂದು ರಘುನಂದನನಿಗೆ ತಾವೇ ಒಂದು ಮಾತು ತಿಳಿಸಿ. ಹಿರಿಯರು ಹೇಳಿದರೆ ಅವನು ಕೇಳುವುದಿಲ್ಲ. ತಾವು ಮಳೆಯೆಂದರೆ ಸಾಕು, ಕೊಡೆ ಹಿಡಿದು ಹೊರಡುತ್ತಾನೆ, ಹೊರಗೆ ಸುಡುಬಿಸಿಲಿದ್ದರೂ.

ತಮ್ಮ ವಿಶ್ವಾಸಿ,
ಹೊನ್ನಯ್ಯ

ತಾ.ಕ.: ಮೋಹಿನಿ ನಿನ್ನೆಯೇ ತವರಿಗೆ ಬಂದಿಳಿದಳಂತೆ. ಯಾರೂ ಇಲ್ಲದ ಹೊತ್ತು ನೋಡಿ ಕೂಸಿನ ಕಿವಿಯಲ್ಲಿ ತಾನು ಆರಿಸಿದ ಹೆಸರನ್ನೇ ಉಸುರಿದಳಂತೆ, ಕೂಸು ಕಣ್ಣರಳಿಸಿ ನೋಡಿತಂತೆ. ತಮಗೆ ಕೇಳಿಸಿರಲಾರದು, ಮೊದಲು ತಮ್ಮ ವೈರು ಕಿತ್ತಿಟ್ಟಿದ್ದಳು. ಯಾರಾದರೂ ಮತ್ತೆ ಚುಚ್ಚಿದ ಕೂಡಲೇ ದಯವಿಟ್ಟು ಬೇಗ ಉತ್ತರ ಬರೆಯಿರಿ.